ಹೊಸ್ತಿಲ ಮೇಲಿನ ಮಾಷ್ಟ್ರು

ಹೊಸ್ತಿಲ ಮೇಲೆ ನಿಲ್ಲಬಾರದೆಂದು ಚಿಕ್ಕಂದಿನಲ್ಲಿ ಅಮ್ಮ ಎಷ್ಟು ಸಲ ಗದರಿಸಿದ್ದರೋ ಲೆಕ್ಕವಿಲ್ಲ. ಈಗ ಸರಕಾರ ನನಗೆ ಸಂಬಳ ಕೊಡುವುದೇ ಹೊಸ್ತಿಲ ಮೇಲೆ ನಿಲ್ಲುವುದಕ್ಕೆ. ಕಾಪುವಿನಿಂದ ಸ್ವಲ್ಪ ಒಳಗಿರುವ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ಮತ್ತು ಏಳನೆಯ ತರಗತಿಗಳ ನಡುವೆ ಒಂದು ಬಾಗಿಲು ಉಂಟು. ಅಲ್ಲಿ ಎಡಗಾಲು ಆರರಲ್ಲಿ, ಬಲಗಾಲು ಏಳರಲ್ಲಿ ಇಟ್ಟು ನಿಂತರೆ ನಾನು ಎರಡೂ ತರಗತಿಗಳಲ್ಲಿ ಹಾಜರು. ಎಡಕ್ಕೆ ತಿರುಗಿದರೆ ಮೌರ್ಯರು, ಬಲಕ್ಕೆ ತಿರುಗಿದರೆ ಭಿನ್ನರಾಶಿ. ತಿರುಗುವ ಭರದಲ್ಲಿ ಒಮ್ಮೆ ಅಶೋಕನಿಗೆ ರಾಜ್ಯದ ಮೂರನೇ ಎರಡು ಭಾಗ ಮಾತ್ರ ಕೊಟ್ಟುಬಿಟ್ಟೆ. ಮಕ್ಕಳು ಪಾಪ, ಬರೆದುಕೊಂಡರು.

ಶಾಲೆಯಲ್ಲಿ ನಾವಿರುವುದು ಇಬ್ಬರು. ಒಂದರಿಂದ ಐದರವರೆಗೆ ಲೋಲಾಕ್ಷಿ ಟೀಚರ್, ಅಲ್ಲಿಂದ ಮುಂದೆ ನಾನು. ಮುಖ್ಯೋಪಾಧ್ಯಾಯರು ನಿವೃತ್ತರಾದ ಮೇಲೆ ಅವರ ಕುರ್ಚಿಯೂ ನನ್ನ ಪಾಲಿಗೆ ಬಂತು. ರಜೆ ಬೇಕೆಂದು ನಾನೇ ಅರ್ಜಿ ಬರೆದು, ನಾನೇ ಓದಿ, ಈ ವಾರ ಆಗದು ಎಂದು ನಾನೇ ತಲೆಯಾಡಿಸುತ್ತೇನೆ. ಮನೆಯಲ್ಲೂ ಅಭ್ಯಾಸಬಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕಣ್ಣು ಟೀವಿಯ ಮೇಲೆ, ಇನ್ನೊಂದು ದೋಸೆಯ ಮೇಲೆ ಇಟ್ಟಿರುತ್ತೇನೆ. "ಒಳಗಾದರೂ ಬನ್ನಿ, ಹೊರಗಾದರೂ ಹೋಗಿ ಮಾರಾಯ್ರೆ, ದಾರಿ ಬಿಡಿ" ಎನ್ನುತ್ತಾಳೆ ಹೆಂಡತಿ.

ನಾನು ಕಲಿತದ್ದೂ ಇದೇ ಶಾಲೆಯಲ್ಲಿ. ಆಗ ಏಳು ತರಗತಿಗಳಿಗೆ ಏಳು ಜನ ಅಧ್ಯಾಪಕರು, ಮೇಲಿಂದ ಒಬ್ಬರು ಡ್ರಿಲ್ ಮಾಷ್ಟ್ರು! ಮಾಷ್ಟ್ರುಗಳು ಹೆಚ್ಚಾಗಿ ವರಾಂಡದಲ್ಲಿ ನಿಂತು ಊರ ಸುದ್ದಿಯ ಪಂಚಾತಿಗೆ ಮಾಡುವಷ್ಟು ಸಮೃದ್ಧಿಯ ಕಾಲ ಅದು. ನನಗೆ ಲೆಕ್ಕವೆಂದರೆ ಹೊಟ್ಟೆನೋವು. ಗಿರಿಜಾ ಟೀಚರ್ ಮಾತ್ರ ಬೋರ್ಡು ಬಿಟ್ಟು ಬಂದು, ಸೀರೆಯ ಸೆರಗು ಸರಿಮಾಡಿಕೊಂಡು, ನಮ್ಮ ಬೆಂಚಿನಲ್ಲೇ ನನ್ನ ಪಕ್ಕ ಕೂರುತ್ತಿದ್ದರು. "ನಿಧಾನ ಮಾಡು, ನನಗೆಂತ ಬಸ್ಸು ತಪ್ಪುವುದಿಲ್ಲ" ಎನ್ನುತ್ತಿದ್ದರು. ಅವರ ಬಸ್ಸು ಎಷ್ಟು ಸಲ ತಪ್ಪಿತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಇದೆಲ್ಲ ನೆನಪಾಗಲು ಕಾರಣ ನಮ್ಮ ಸಲಹಾ ಪೆಟ್ಟಿಗೆ. ಮಕ್ಕಳು ತಮ್ಮ ದೂರುಗಳನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ತಿಂಗಳ ಮೊದಲ ಶನಿವಾರ ಮುಖ್ಯೋಪಾಧ್ಯಾಯನ ಗತ್ತಿನಿಂದ ನಾನು ಅದರ ಬೀಗ ತೆಗೆಯುತ್ತೇನೆ. ಸಾಧಾರಣವಾಗಿ ಪಾಯಸ ಬೇಕು, ಶೌಚಾಲಯದ ಚಿಲಕ ಹೋಗಿದೆ ಎಂಬಂಥವೇ ಇರುತ್ತವೆ. ಈ ಸಲ ದುಂಡಗಿನ ಅಕ್ಷರದ ಒಂದು ಚೀಟಿ ಇತ್ತು: "ಮುಖ್ಯೋಪಾಧ್ಯಾಯರಿಗೆ, ಗಣಿತದ ಸರ್ ನನ್ನನ್ನು ಇಡೀ ಪೀರಿಯಡ್ ನಿಲ್ಲಿಸಿದರು. ನಾನು ತಪ್ಪು ಮಾಡಿರಲಿಲ್ಲ. ಸಂಶಯ ಕೇಳಲು ಎದ್ದದ್ದು. ದಯವಿಟ್ಟು ಕುಳಿತುಕೊಳ್ಳಲು ಹೇಳಬೇಕೆಂದು ಅವರಿಗೆ ತಿಳಿಸಿ. ಸಫೀನಾ, ಏಳನೆಯ ತರಗತಿ."

ಹೌದು, ಮಂಗಳವಾರ ಸಫೀನಾ ಎದ್ದು ನಿಂತಿದ್ದಳು. "ಬಂದೆ, ಈಗ ಬಂದೆ" ಎಂದು ಆರರ ಗಲಾಟೆ ನಿಲ್ಲಿಸಲು ಹೋದವನು, ಅಲ್ಲಿಂದ ಬಿಸಿಯೂಟದ ಅಡುಗೆಯವರು ಕರೆದರೆಂದು ಅಕ್ಕಿ ಅಳೆದುಕೊಡಲು ಹೋದೆ. ಮರಳುವಾಗ ಬೆಲ್ಲಾಗಿತ್ತು. ಬೆಲ್ಲು ಹೊಡೆದದ್ದೂ ನಾನೇ. ಅಷ್ಟು ಹೊತ್ತೂ ಆ ಹುಡುಗಿ ಪುಸ್ತಕ ಹಿಡಿದುಕೊಂಡು ನಿಂತೇ ಇದ್ದಳು. ಉಳಿದ ಮಕ್ಕಳು ಅದನ್ನು ಶಿಕ್ಷೆಯೆಂದೇ ತಿಳಿದರಂತೆ.

ಸೋಮವಾರ ಅವಳ ಬೆಂಚಿನ ಬಳಿ ಹೋದೆ. "ಎಂತ ಸಫೀನಾ, ನನ್ನ ಮೇಲೆ ನನಗೇ ದೂರು ಕೊಡುವುದಾ? ಕ್ಲಾಸಿನಲ್ಲೇ ಹೇಳಬಹುದಿತ್ತಲ್ವಾ?"

"ಕ್ಲಾಸಿನಲ್ಲಿ ನಿಮಗೆ ಪುರುಸೊತ್ತು ಇರುವುದಿಲ್ಲ ಸರ್. ಆಫೀಸಿನಲ್ಲಾದರೆ ಕೂತು ಓದುತ್ತೀರಿ."

"ಸರಿ, ಸಂಶಯ ಎಂತ ಇತ್ತು?"

"ಅವತ್ತು ಇತ್ತು ಸರ್. ಈಗ ಮರೆತುಹೋಗಿದೆ."

ನಾನು ಅವಳ ಪಕ್ಕ ಬೆಂಚಿನಲ್ಲಿ ಕೂತೆ. ಮೊಣಕಾಲು ಡೆಸ್ಕಿಗೆ ಬಡಿಯಿತು. ಸಫೀನಾ ಭಿನ್ನರಾಶಿಯ ಪುಟ ತೆರೆದು ಒಂದೊಂದೇ ಲೆಕ್ಕದ ಮೇಲೆ ಬೆರಳಾಡಿಸತೊಡಗಿದಳು. ಅಷ್ಟರಲ್ಲಿ ಆರನೆಯ ತರಗತಿಯಲ್ಲಿ ಬೆಂಚೊಂದು ಧಡಾರನೆ ಬಿತ್ತು. "ಬಂದೆ, ಈಗ ಬಂದೆ!" ಎಂದು ಬಾಯಿ ತನ್ನಷ್ಟಕ್ಕೆ ಕೂಗಿತು. ನಾನು ಅರ್ಧ ಎದ್ದೂ ಆಗಿತ್ತು.

ಸಫೀನಾ ಪುಸ್ತಕದಿಂದ ತಲೆಯೆತ್ತಿದಳು. "ಸರ್, ನಾನು ನಿಲ್ಲಬೇಕಾ, ಕೂರಬೇಕಾ?"

ಕೂತೆ. ಸಂಶಯ ನೆನಪಾಗಲು ಹೆಚ್ಚುಕಡಿಮೆ ಇಡೀ ಪೀರಿಯಡ್ ಹಿಡಿಯಿತು. ಬಗೆಹರಿಯಲು ಎರಡು ನಿಮಿಷ ಸಾಕಾಯಿತು. ಛೇದ ಸಮ ಮಾಡಿ ಉತ್ತರ ಬಂದಾಗ ಅವಳು "ಇಷ್ಟೆಯಾ!" ಎಂದಳು. ಗಿರಿಜಾ ಟೀಚರ್ ಕಿವಿಗೆ ಬೀಳಬೇಕಾಗಿದ್ದ ಮಾತು ಅದು.

ಮುಂದಿನ ತಿಂಗಳು ಪೆಟ್ಟಿಗೆ ತೆಗೆದರೆ ಆರನೆಯ ತರಗತಿಯವರ ನಾಲ್ಕು ಚೀಟಿಗಳು. ನಾಲ್ಕರಲ್ಲೂ ಒಂದೇ ದೂರು: ಸರ್ ಏಳರಲ್ಲೇ ಕೂತರು, ನಮ್ಮ ಕಡೆ ತಿರುಗಲೇ ಇಲ್ಲ. ಮುಖ್ಯೋಪಾಧ್ಯಾಯನಾಗಿ ಕೂಲಂಕಷವಾಗಿ ಓದಿದೆ. ದೂರು ನೂರಕ್ಕೆ ನೂರು ನಿಜ. ಆ ಮಾಷ್ಟ್ರನ್ನು ಆಫೀಸಿಗೆ ಕರೆಸಿ ಸರಿಯಾಗಿ ಬೈಯಬೇಕೆಂದಿದ್ದೆ. ಆದರೆ ಅವನು ಆಫೀಸಿಗೆ ಬಂದರೆ ಎರಡೂ ಕ್ಲಾಸಿಗೆ ಜನ ಇಲ್ಲ.