ಖಾರದ ಗಿರಣಿಯೊಳಗೆ ಮಂಜು

ಜ್ವರದಲ್ಲಿ ಒಂದು ಅನುಕೂಲವಿದೆ. ಹಣೆ ಮುಟ್ಟಿದರೆ ಸಾಕು, ಯಾರಾದರೂ ನಂಬುತ್ತಾರೆ. ಅದು ಬಿಟ್ಟ ಮೇಲೆ ತಲೆಯೊಳಗೆ ಉಳಿಯುವ ಮಬ್ಬು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಗಟ್ಟಿಯಾಗಿ ಓಡಾಡಿಕೊಂಡಿರುತ್ತೀರಿ, ರೊಟ್ಟಿ ತಿನ್ನುತ್ತೀರಿ, ಆದರೆ ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ಗೋಡೆಯನ್ನು ಕೇಳುತ್ತೀರಿ. ನಾನಂತೂ ಒಮ್ಮೆ ನಿಲಂಗಾದಲ್ಲಿರುವ ತಂಗಿಗೆ ಫೋನು ಮಾಡಿ, "ಯಾರ್ ಮಾತಾಡ್ಲತ್ತೀರಿ?" ಎಂದು ಕೇಳಿದೆ. "ಫೋನ್ ಮಾಡಿದಾಕಿ ನೀ, ನನಗ್ಯಾಕ ಕೇಳ್ತಿ ಅಕ್ಕಾ?" ಎಂದಳು. ಡಾಕ್ಟರು ಇದಕ್ಕೆ ಮರಾಠಿಯಲ್ಲಿ 'ಧುಕ' ಎಂದರು, ಅಂದರೆ ಮಂಜು. ಕೆಲವರಿಗೆ ಜ್ವರದ ನಂತರ ತಿಂಗಳುಗಟ್ಟಲೆ ಹೀಗೇ ಇರುತ್ತದಂತೆ. ನಮ್ಮ ಕಡೆ ಮಂಜು ಬೀಳುವುದು ಚಳಿಗಾಲದಲ್ಲಿ, ಬಿಸಿಲೇರಿದರೆ ಹೋಗಿಬಿಡುತ್ತದೆ. "ಹಂಗಾದ್ರ ಮಧ್ಯಾಹ್ನಕ್ಕ ಹೋಗ್ತದೇನ್ರಿ?" ಎಂದು ಕೇಳಿದೆ. ಡಾಕ್ಟರು ನಕ್ಕರು. ಪಕ್ಕದಲ್ಲಿದ್ದ ನನ್ನ ಗಂಡ ಶಿವರಾಜ ನಗಲಿಲ್ಲ. ಆ ದಿನ ಬೆಳಿಗ್ಗೆ ನಾನು ಮಾಡಿದ ಚಹಾ ಕುಡಿದವನು ಅವನು. ಅದರಲ್ಲಿ ಸಕ್ಕರೆಯ ಬದಲು ಉಪ್ಪಿತ್ತು.

ಮನೆಯಲ್ಲಿ ಉಪ್ಪು ಸಕ್ಕರೆ ಬದಲಾದರೆ ಒಬ್ಬ ಗಂಡನಷ್ಟೇ ಕೆಡುತ್ತಾನೆ. ಆದರೆ ನಾನು ಕೆಲಸ ಮಾಡುವುದು ಗಡಿ ಊರು ಉಮರಗಾದ ಒಂದು ಖಾರದ ಗಿರಣಿಯಲ್ಲಿ. ಬೇಸಿಗೆ ಬಂತೆಂದರೆ ಮುರುಮ, ಸಾಸ್ತೂರ, ಕಾಸಾರಶಿರಸಿಯಿಂದೆಲ್ಲ ಹೆಂಗಸರು ಹುರಿದ ಮಸಾಲೆ, ಒಣಮೆಣಸಿನಕಾಯಿ ತುಂಬಿದ ಡಬ್ಬಿಗಳನ್ನು ಹೊತ್ತು ಬರುತ್ತಾರೆ. ಒಬ್ಬರ ಮನೆಯ ಅಳತೆ ಇನ್ನೊಬ್ಬರ ಮನೆಗೆ ಆಗಿಬರುವುದಿಲ್ಲ. ಯಾವ ಡಬ್ಬಿ ಯಾರದು ಎಂದು ಮುಖ ನೋಡಿಯೇ ಹೇಳುತ್ತಿದ್ದವಳು ನಾನು. ಆ ಹೆಮ್ಮೆ ಮಂಜಿನಲ್ಲಿ ಕರಗಿಹೋಯಿತು. ಒಂದು ದಿನ ಕುರಿ ಸಾಕುವ ಮಾಳವ್ವನ ಉರಿಖಾರದ ಡಬ್ಬಿಯನ್ನು ಶರಣಮ್ಮನ ಕೈಗೆ ಕೊಟ್ಟುಬಿಟ್ಟೆ. ಶರಣಮ್ಮ ಕುಟ್ಟಿಸಲು ತಂದದ್ದು ಬಾಣಂತಿ ಮಗಳಿಗೆಂದು ಅಜವಾನ, ಶುಂಠಿ. ಅದು ಮಾಳವ್ವನ ಮನೆ ಸೇರಿತು.

ಪುಣ್ಯಕ್ಕೆ, ಮಗಳಿಗೆ ಕೊಡುವ ಮೊದಲು ಶರಣಮ್ಮ ತಾನೇ ನಾಲಿಗೆಗೆ ಹಚ್ಚಿಕೊಂಡಿದ್ದರು. ಮರುದಿನ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ, "ಬಾಣಂತಿ ಬಾಯಾಗ ಹೋಗಿದ್ರ ಏನ್ ಗತಿ? ಹಸುಗೂಸು ಹಾಲು ಕುಡಿತದ ಯವ್ವಾ!" ಎಂದು ಅತ್ತೇಬಿಟ್ಟರು. ಅವರ ಹಿಂದೆಯೇ ಮಾಳವ್ವ ಬಂದಳು. "ನಮ್ಮನ್ಯಾಗ ಬೀರಪ್ಪನ ಹೆಸರಿಲೆ ಬೀಗರಿಗೆ ಊಟ ಹಾಕಿದ್ವಿ. ಮಟನ್ ತಿಂದವರೆಲ್ಲ ಔಷಧ ಕುಡಿದವರಂಗ ಮಾರಿ ಮಾಡ್ಯಾರ!" ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂದು ಇಬ್ಬರಿಗೂ ಕೈ ಮುಗಿದು ತಪ್ಪಾಯಿತು ಎಂದೆ.

ಅವರಿಬ್ಬರೂ ಹೋದ ಮೇಲೆ ಗಿರಣಿಯ ಒಡತಿ ಗಂಗಾಬಾಯಿಯ ಮುಂದೆ ನಿಂತೆ. ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ ಎನ್ನುತ್ತೇವೆ. "ಕಾಕು, ನಾ ಕೆಲಸ ಬಿಡ್ತೀನ್ರಿ. ನನ್ನ ತಲಿ ನನ್ನ ಮಾತು ಕೇಳ್ಲತ್ತಿಲ್ಲ."

ಕಾಕು ಮೂಗಿನ ಮೇಲಿನ ಖಾರದ ಪುಡಿ ಒರೆಸಿಕೊಂಡರು. "ನೀ ಮನ್ಯಾಗ ಕುಂತ್ರ ತಲಿ ಕೇಳ್ತದೇನು? ಅದಿರಲಿ ಸುಮಿ, ಯಾವಾಗ ತಪ್ತದ, ಹೇಳು."

ಇಷ್ಟು ದಿನ ಎಲ್ಲರೂ 'ಯಾಕೆ ಹೀಗೆ ಮಾಡ್ತಿ' ಎಂದೇ ಕೇಳಿದ್ದರು. ಯಾವಾಗ ಎಂದು ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದೆ: "ಮಷಿನ್ ಧಡಧಡ ಅಂತದ, ಮೂರು ಮಂದಿ ಕೂಡೇ ಮಾತಾಡ್ತಾರ, ನಡುವ ಫೋನ್ ಬರ್ತದ. ಆವಾಗ ಎಲ್ಲಾ ಕಲಸಿ ಹೋಗ್ತದ ನೋಡ್ರಿ. ಒಂದೇ ಕೆಲಸ ಇದ್ರ ನಡೀತದ."

"ಹಂಗಾದ್ರ ಒಂದೇ ಕೆಲಸ ಮಾಡು," ಎಂದರು ಕಾಕು, ಇದೇನು ಮಹಾ ಎನ್ನುವಂತೆ.

ಮರುದಿನದಿಂದ ಗಿರಣಿಯ ಚಹರೆಯೇ ಬದಲಾಯಿತು. ಕಾಕು ಹಳೆ ಸೀರೆಗಳನ್ನು ಹರಿದು ಬಣ್ಣಬಣ್ಣದ ಪಟ್ಟಿ ಮಾಡಿದರು. ಒಂದೇ ಬಣ್ಣದ ಎರಡು ಪಟ್ಟಿಗಳಲ್ಲಿ ಒಂದು ಡಬ್ಬಿಯ ಹಿಡಿಗೆ, ಇನ್ನೊಂದು ಡಬ್ಬಿ ತಂದವರ ಮಣಿಕಟ್ಟಿಗೆ. ಬಣ್ಣ ಕೂಡಿದರೆ ಡಬ್ಬಿ ಕೊಡುವುದು, ಇಲ್ಲದಿದ್ದರೆ ಇಲ್ಲ. ಫೋನು ಕಾಕುವಿನ ಬಳಿ. ಬಾಗಿಲ ಹೊರಗೆ ಬೇವಿನ ಮರದ ಕೆಳಗೆ ಒಂದು ಬೆಂಚು. ಮಾತಿದ್ದವರು ಅಲ್ಲಿಯೇ ಆಡಬೇಕು, ಮಷಿನ್ ಹತ್ತಿರ ಯಾರೂ ನನ್ನನ್ನು ಮಾತಾಡಿಸಬಾರದು. ನಡುನಡುವೆ ನಾನೂ ಅಲ್ಲಿ ಹೋಗಿ ಕಣ್ಣು ಮುಚ್ಚಿ ಕೂರಬಹುದು, ಆಗ ಅಲ್ಲಿಯೂ ಮಾತಿಲ್ಲ. ನಮ್ಮ ಸೀಮೆಯ ಹೆಂಗಸರನ್ನು ಸುಮ್ಮನಿರಿ ಎನ್ನುವುದು ಬಸ್ಸನ್ನು ಬರಿಗೈಯಲ್ಲಿ ತಡೆದ ಹಾಗೆ. ಆದರೆ ಕಾಕು ತಡೆದರು.

ಮಷಿನ್ ನಡೆಸುವ ನಾಗಪ್ಪ ಮೊದಲು ಗೊಣಗಿದ: "ಒಬ್ಬಾಕಿ ಸಲುವಾಗಿ ಇಷ್ಟೆಲ್ಲ ಯಾಕ್ರಿ?" ವಾರದೊಳಗೆ ಅವನ ಗೊಣಗು ನಿಂತಿತು. ಮಷಿನ್ ಸದ್ದಿಗೆ ಅವನ ಒಂದು ಕಿವಿ ಮಂದವಾಗಿತ್ತು. ಇದುವರೆಗೆ ಕೇಳಿಸಿದವನಂತೆ ತಲೆಯಾಡಿಸಿಕೊಂಡು ದಿನ ದೂಡಿದ್ದನಂತೆ. ಈಗ ಅವನಿಗೂ ಪಟ್ಟಿ ಕಂಡರೆ ಸಾಕು. ಓದಲು ಬಾರದ ಅಜ್ಜಿಯರು ಹಸಿರು ಪಟ್ಟಿ ಕಟ್ಟಿಕೊಂಡು ಮದುಮಗಳಂತೆ ಕೈ ತಿರುಗಿಸಿ ನೋಡಿಕೊಂಡರು.

ಪರೀಕ್ಷೆ ಬಂದದ್ದು ಮದುವೆ ಸುಗ್ಗಿಯಲ್ಲಿ. ಬೆಳಿಗ್ಗೆ ಹೋದ ಕರೆಂಟು ಸಂಜೆಯ ಹೊತ್ತಿಗೆ ಬಂತು. ಅಷ್ಟರಲ್ಲಿ ಡಬ್ಬಿಗಳು ಬಾಗಿಲ ಹೊರಗೂ ಸಾಲುಗಟ್ಟಿದ್ದವು. ಕಡೆಯ ಬಸ್ಸು ತಪ್ಪುತ್ತದೆಂದು ಜನ ಮುಗಿಬಿದ್ದರು. ನನ್ನ ತಲೆಯೊಳಗೆ ಮಂಜು ದಟ್ಟವಾಗತೊಡಗಿತು. ಆಗ ಬೆಂಚಿನಿಂದ ಒಂದು ದನಿ ಕೇಳಿಸಿತು. "ಯಾರೂ ಮಾತಾಡಬ್ಯಾಡ್ರಿ! ಕೈ ಮ್ಯಾಲ ಮಾಡ್ರಿ, ಸುಮಿಗೆ ಬಣ್ಣ ತೋರಸ್ರಿ!" ಮಾಳವ್ವ! ಕೈಗಳೆಲ್ಲ ಮೇಲೆದ್ದವು. ಕೆಂಪು, ಹಳದಿ, ನೀಲಿ. ನಾಗಪ್ಪ ಕುಟ್ಟಿ ಇಳಿಸಿದ ಹಾಗೆ ನಾನು ಒಂದೊಂದೇ ಡಬ್ಬಿ ಎತ್ತಿ ಕೊಡುತ್ತಾ ಹೋದೆ. ಕೊನೆಯ ಕೈ ಶರಣಮ್ಮನದು. ಅವರು ಮುಚ್ಚಳ ತೆಗೆದು ಮೂಸಿದರು, ಚಿಟಿಕೆ ಬಾಯಿಗೆ ಹಾಕಿಕೊಂಡರು.

"ಬರೋಬ್ಬರಿ ಅದ," ಎಂದರು ಶರಣಮ್ಮ. ಆಮೇಲೆ ಖಾರದ ಕೈಯಿಂದಲೇ ನನ್ನ ಗಲ್ಲ ಸವರಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆಂದೇ ಎಲ್ಲರಿಗೂ ಹೇಳಿದ್ದೇನೆ. ಒಂದು ಡಬ್ಬಿಯೂ ತಪ್ಪಲಿಲ್ಲ, ಬಸ್ಸೂ ತಪ್ಪಲಿಲ್ಲ. ಕೆಲವು ದಿನಗಳಲ್ಲಿ ಉದಗೀರದ ಇನ್ನೊಂದು ಗಿರಣಿಯವರು ಬಂದು ನೋಡಿ, ತಾವೂ ಮನೆಯ ಹಳೆ ಸೀರೆ ಹರಿಯಲು ಹೋದರು.

ಈ ಗೆಲುವಿನಿಂದ ನನಗೆ ತುಸು ಸೊಕ್ಕೂ ಬಂತು. ಗಿರಣಿಯ ಕಾನೂನನ್ನು ಮನೆಗೂ ತಂದೆ. ನಾನು ಒಲೆಯ ಮುಂದಿದ್ದಾಗ ಶಿವರಾಜ ಮಾತಾಡುವಂತಿಲ್ಲ. ಏನಾದರೂ ಹೇಳುವುದಿದ್ದರೆ ಒಂದು ಸಲಕ್ಕೆ ಒಂದೇ ವಿಷಯ. ನಾನು ಕಣ್ಣು ಮುಚ್ಚಿ ಕೂತರೆ ಚಹಾ ಅವನೇ ಮಾಡಬೇಕು. ಪಾಪ, ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಮೊನ್ನೆ ಡಾಕ್ಟರು, "ಈಗ ತಲಿ ಹ್ಯಾಂಗ ಅದ್ರಿ? ಮಂಜು ಪೂರಾ ಹೋಯ್ತೇನು?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಹೆಚ್ಚುಕಡಿಮೆ ಹೋಗಿದೆ. ಪಕ್ಕದಲ್ಲಿ ಶಿವರಾಜ ಆಸೆಯಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಇನ್ನಾ ಸ್ವಲ್ಪ ಅದ್ರಿ ಡಾಕ್ಟರ್ ಸಾಹೇಬ್ರ," ಎಂದೆ. "ಗಿರಣ್ಯಾಗ ಇಲ್ಲ. ಮನ್ಯಾಗಷ್ಟ."