ಗೂಡು ಹಿಡಿದ ಕೈಗೆ ಟ್ಯಾಬ್ಲೆಟ್ಟು

ಬೆರಳು ತಾಗಿಸಿದರೆ ಅಂಕಿಅಂಶವೆಲ್ಲ ಚಿತ್ರವಾಗಿ ಓಡಾಡುವ ಹಾಗೆ ಟ್ಯಾಬ್ಲೆಟ್ಟಿಗೆ ಗ್ರಾಫ್ ಮಾಡುವುದು ನನ್ನ ಕಸುಬು. ಇದರಲ್ಲಿ ವಾರಕ್ಕೊಂದು ಅವಮಾನ ಗ್ಯಾರಂಟಿ, ಶಿಡ್ಲಘಟ್ಟದಲ್ಲಿ ದಿನಕ್ಕೊಂದಾಯಿತು. ಅಲ್ಲಿ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲರುಗಳ ಸಂಘಕ್ಕೆ, ಮಾರುಕಟ್ಟೆಯಲ್ಲಿ ಕೊಂಡ ಯಾವ ಲಾಟಿನ, ಅಂದರೆ ಯಾವ ರಾಶಿಯ, ಗೂಡಿಗೆ ಎಷ್ಟು ರೇಟು, ಅದರಿಂದ ಎಷ್ಟು ನೂಲು ಬಂತು ಅಂತ ತೋರಿಸುವ ಗ್ರಾಫ್ ಬೇಕಿತ್ತು. ಒಂದು ಲಾಟಿಗೆ ಒಂದು ಚುಕ್ಕಿ.

"ನಮ್ಮೋರು ಒಪ್ಪಿದ್ರೆ ಸರಿ, ಇಲ್ದಿದ್ರೆ ಇಲ್ಲಿಗೇ ಬಿಟ್ಬಿಡಣ ಕಣಮ್ಮ" ಅಂದರು ಸಂಘದ ಅಧ್ಯಕ್ಷರು. ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು.

ಮೊಣಕೈ

ಬಿಸಿನೀರಿನ ತೊಟ್ಟಿಯ ಮುಂದೆ ಕೂತು ನೂಲು ತೆಗೆಯುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಅವರ ಒದ್ದೆ ಬೆರಳಿಗೆ ಪರದೆ ಜಪ್ಪಯ್ಯ ಅನ್ನಲಿಲ್ಲ. ಒರೆಸಿಕೊಂಡು ಒತ್ತಿದರೂ ಇಲ್ಲ. ಬೆರಳ ತುದಿ ಅಷ್ಟು ಸವೆದಿತ್ತು. ಖಾಲಾ ನನ್ನನ್ನೊಮ್ಮೆ ನೋಡಿ, ಕೈಯನ್ನು ನೀರಿಗೆ ವಾಪಸ್ ಇಳಿಸಿ, ಮೊಣಕೈಯಿಂದ ಚುಕ್ಕಿ ಒತ್ತಿದರು. ಒಮ್ಮೆಗೆ ಐದು ಲಾಟು ತೆರೆದುಕೊಂಡವು.

"ಕೈಗೆ ಕೆಲ್ಸ ಐತೆ ಬೇಟಿ, ಮೊಣಕೈ ಖಾಲಿ ಐತೆ. ಚುಕ್ಕಿ ದೊಡ್ಡದು ಮಾಡು" ಅಂದರು.

ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿಸದ್ದನ್ನು ಅವರು ನೂಲು ಹರಿಯದ ಹಾಗೆ ಕಲಿಸಿಬಿಟ್ಟರು.

ಟವೆಲ್ಲು

ಮೇಲೂರಿನಿಂದ ಬಂದಿದ್ದ ರೀಲರ್ ತಾತ ಟ್ಯಾಬ್ಲೆಟ್ ಕೈಗೆ ಬಂದ ತಕ್ಷಣ ಹೆಗಲ ಮೇಲಿನ ಟವೆಲ್ ತೆಗೆದು ಅದರ ಮೇಲೆ ಹೊದಿಸಿದರು. ಆಮೇಲೆ ತಲೆಯನ್ನೂ ಒಳಗೆ ತೂರಿಸಿದರು.

"ತಾತ, ಏನಾಯ್ತು?"

"ಎಲ್ಲರ ಮುಂದೆ ರೇಟು ಬಿಚ್ಚಿ ಇಡ್ತಾರೇನಮ್ಮಾ?" ಟವೆಲ್ಲಿನೊಳಗಿಂದ ಧ್ವನಿ ಬಂತು.

ಭೇಷ್ ಅನ್ನಿಸಿತು. ಅಂಕಿ ಮರೆಮಾಡುವ ಒಂದು ಬಟನ್ ಹಾಕಿದೆ. ಅದನ್ನು ಅವರಿಗೆ ಖುಷಿಯಿಂದ ತೋರಿಸಿದೆ. ತಾತ ಬಟನ್ನನ್ನೂ ಟವೆಲ್ ಹೊದಿಸಿಯೇ ಒತ್ತಿದರು.

ಒಪ್ಪಿಗೆಯ ದಿನ

ಮೇಜಿನ ಸುತ್ತ ಸಂಘದ ಆರು ಜನ, ನಡುವೆ ಒಂದು ಟ್ಯಾಬ್ಲೆಟ್. ಒಬ್ಬೊಬ್ಬರಾಗಿ ಒತ್ತುತ್ತಾರೆ ಅಂದುಕೊಂಡಿದ್ದೆ. ಮಾರುಕಟ್ಟೆಯಲ್ಲಿ ಗೂಡಿನ ರಾಶಿಗೆ ಯಾರಾದರೂ ಸರದಿಯಲ್ಲಿ ಕೈ ಹಾಕುತ್ತಾರೆಯೇ? ಆರು ಜನರ ಕೈಗಳೂ ಒಟ್ಟಿಗೆ ಬಿದ್ದವು. ಗ್ರಾಫ್ ಹಿಗ್ಗಿತು, ಕುಗ್ಗಿತು, ತಲೆಕೆಳಗಾಯಿತು. ಕೊನೆಗೆ ಪರದೆ ತುಂಬ ಒಂದೇ ಒಂದು ಚುಕ್ಕಿ ಕೂತುಬಿಟ್ಟಿತು. ಮುಗೀತು ನನ್ನ ಕಥೆ ಅಂದುಕೊಂಡೆ.

ಅಧ್ಯಕ್ಷರು ಟ್ಯಾಬ್ಲೆಟ್ಟನ್ನು ಎತ್ತಿಕೊಂಡು, ಗೂಡಿನೊಳಗಿನ ಹುಳ ಬಲಿತಿದೆಯೋ ಅಂತ ರೀಲರುಗಳು ಸದ್ದು ಕೇಳಿ ನೋಡುವ ಹಾಗೆ, ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸಿದರು.

ಎಲ್ಲ ಚುಕ್ಕಿಗಳೂ ಸರಸರನೆ ಮೊದಲಿನ ಜಾಗಕ್ಕೆ ಬಂದು ಕೂತವು!

"ಅಲ್ಲಾಡ್ಸಿದ್ರೆ ಸರಿಹೋಗೋ ಹಂಗೆ ಮಾಡಿದ್ದೀಯಲ್ಲಮ್ಮ! ನಮ್ಮ ಕಸುಬನ್ನ ಎಷ್ಟು ಚೆನ್ನಾಗಿ ತಿಳ್ಕೊಂಡಿದ್ದೀಯ!" ಅಂದರು ಅಧ್ಯಕ್ಷರು. ಆರೂ ಜನ ಒಪ್ಪಿದರು. ನಾನು ವಿನಯ ತೋರಿಸುವವಳ ಹಾಗೆ ತಲೆ ತಗ್ಗಿಸಿದೆ.

ಹೊರಗೆ ಬರುವಷ್ಟರಲ್ಲಿ ಕೋಡ್ ಬರೆಯುವ ನನ್ನ ಗೆಳತಿಯ ಫೋನು: "ಸಾರಿ ಕಣೇ! ಅಲ್ಲಾಡಿಸಿದ್ರೆ ಮೊದಲಿನಂಗೆ ಆಗೋದು ಬೇಡ, ಟ್ಯಾಬ್ಲೆಟ್ಟನ್ನ ಯಾವ ಹುಚ್ಚ ಅಲ್ಲಾಡಿಸ್ತಾನೆ, ತೆಗೆದುಹಾಕು ಅಂತ ನೀನು ಮೂರು ಸಲ ಹೇಳಿದ್ದೆ. ಮರೆತೇಬಿಟ್ಟೆ. ಈಗ ತೆಗೀಲಾ?"

"ಮುಟ್ಟಿದ್ರೆ ಜೋಕೆ!" ಅಂದೆ.