ಸೋದರಮಾವನ ವೀಳ್ಯ

ಎರಡು ಎಲೆ, ಒಂದು ಅಡಿಕೆ. ಇಷ್ಟಕ್ಕಾಗಿ ಕಂಪ್ಲಿಯ ಗಾದಿಲಿಂಗಪ್ಪ ಒಂದು ಇಡೀ ಬಸ್ಸನ್ನೇ ಗೊತ್ತು ಮಾಡಬೇಕಾಗಿ ಬಂತು ಎಂದರೆ ಯಾರಿಗಾದರೂ ಸಿಟ್ಟು ಬರದೆ ಇರುತ್ತದೆಯೇ?

ಮಗಳು ತಾಯಕ್ಕನಿಗೆ ಹತ್ತೊಂಬತ್ತು ತುಂಬಿತ್ತು. ಓಣಿಯವರೆಲ್ಲ ಅವಳ ಲಗ್ನದ ಚಿಂತೆಯಲ್ಲಿ ಸೊರಗುತ್ತಿದ್ದಾಗ ಬಂಡ್ರಿಯ ಒಂದು ಒಳ್ಳೆಯ ಸಂಬಂಧ ಕೂಡಿ ಬಂತು. ತಂದವರು ಪಕ್ಕದ ಮನೆಯ ಚನ್ನಯ್ಯನವರು. ಗಾದಿಲಿಂಗಪ್ಪ ತಾನೇ ಬಂಡ್ರಿಗೆ ಹೋಗಿ ಮನೆ ನೋಡಿದ, ಬಾವಿ ನೋಡಿದ, ಕೊಟ್ಟಿಗೆಗೆ ಹೋಗಿ ಎತ್ತುಗಳ ಬಾಯಿ ಬಿಡಿಸಿ ಹಲ್ಲು ಕೂಡ ನೋಡಿದ. ಹುಡುಗನನ್ನು ಮಾತ್ರ ನೋಡಲಾಗಲಿಲ್ಲ. "ಮರಿಸ್ವಾಮಿ ಹೊಲಕ್ಕ ಹೋಗ್ಯಾನ್ರಿ" ಎಂದರು ಹುಡುಗನ ತಂದೆ. ಬೀಗರು ಬಂದ ದಿನವೂ ಹೊಲ ಬಿಡದ ಹುಡುಗ! ಗಾದಿಲಿಂಗಪ್ಪನಿಗೆ ಕಣ್ಣು ತುಂಬಿ ಬಂತು. ಅಲ್ಲೇ ಮಾತು ಕೊಟ್ಟ.

ಆದರೆ ಮಾತು ಕೊಟ್ಟರಾಯಿತೇ? ಹುಡುಗಿಗೆ ಸೋದರಮಾವ ಒಬ್ಬನಿದ್ದನಲ್ಲ, ಹೆಂಡತಿ ಕೊಟ್ರಮ್ಮನ ತಮ್ಮ ಜಡೆಪ್ಪ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಅವನದು. ಹೆಣ್ಣು ಹೊರಗಿನ ಮನೆಗೆ ಹೋಗಬೇಕಾದರೆ ಅವನು ನಾಲ್ಕು ಮಂದಿಯ ಮುಂದೆ ಹುಡುಗಿಯ ತಂದೆಯ ಕೈಗೆ ವೀಳ್ಯ ಇಟ್ಟು "ಬಿಟ್ಟುಕೊಟ್ಟೆ" ಅನ್ನಬೇಕು. ಆ ಎಲೆ ಅಡಿಕೆ ಗಂಡಿನ ಕಡೆಯಿಂದಲೇ ಬಂದಿರಬೇಕು. ಒಮ್ಮೆ ಅಂದನೋ, ಹುಡುಗಿ ಮಾತು ಕೊಟ್ಟ ಮನೆಯವಳು. ಆಮೇಲೆ ಆ ಬ್ರಹ್ಮ ಬಂದರೂ ತಿರುಗಿಸುವಂತಿಲ್ಲ. ಬಂಡ್ರಿಯವರು ಆಗಲೇ ಎಳೆಯ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿಕೊಟ್ಟಿದ್ದರು.

ವೀಳ್ಯ ಇತ್ತು, ಮಂದಿ ಇದ್ದರು, ಜಡೆಪ್ಪನೇ ಇರಲಿಲ್ಲ. ಅವನು ದಂಡಿನಲ್ಲಿದ್ದ. ಹೋದ ಸುಗ್ಗಿಯಲ್ಲಿ ಗಾಣದ ಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕುದಿಯುತ್ತಿದ್ದಾಗ, ಕೈಯಲ್ಲಿದ್ದ ಸೌಟನ್ನು ಗಾದಿಲಿಂಗಪ್ಪನ ಕೈಗೆ ಕೊಟ್ಟು "ಈಗ ಬಂದೆ ಭಾವಾ" ಎಂದು ಹೋದ. ಹೋದವನು ಹೊಸಪೇಟೆಯಲ್ಲಿ ದಂಡಿಗೆ ಭರ್ತಿಯಾಗಿಬಿಟ್ಟ. ಬೆಲ್ಲ ಹೊತ್ತಿ ಕರಿಕಾಯಿತು. ಅಂದಿನಿಂದ ಗಾದಿಲಿಂಗಪ್ಪನದು ಒಂದೇ ಮಾತು: "ಬಾವಿಗೆ ಬೇಕಾದ್ರ ಕೊಡ್ತೀನಿ, ದಂಡಿನವನಿಗೆ ನನ್ನ ಮಗಳ್ನ ಕೊಡಂಗಿಲ್ಲ!"

ಅಷ್ಟರಲ್ಲಿ ಬೆಲ್ಲದ ಗಾಡಿಯವರು ಸುದ್ದಿ ತಂದರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ ಡೇರೆ ಹೊಡೆದಿರುವ ಜಡೆಪ್ಪನ ಪಡೆ ನಾಳೆಯೇ ಬರ್ಮಾದ ಕಡೆಗೆ ಹೊರಡುತ್ತದಂತೆ. ಜಡೆಪ್ಪ ಹಡಗು ಹತ್ತಿದನೆಂದರೆ ಯುದ್ಧ ಮುಗಿಯುವವರೆಗೂ ಬಿಟ್ಟುಕೊಡುವ ವೀಳ್ಯವಿಲ್ಲ, ಲಗ್ನವಿಲ್ಲ. ಬಂಡ್ರಿಯವರು ಅಲ್ಲಿಯವರೆಗೆ ಕಾಯುತ್ತಾರೆಯೇ?

ಹೀಗೆ ಡ್ರೈವರ್ ಪಾಲಪ್ಪನ ಬಸ್ಸು ಬಂತು. ಆ ವರ್ಷ ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು, ಅದರಲ್ಲಿ ಕೆಂಡ, ಪಕ್ಕಕ್ಕೆ ಗಾಳಿ ಊದುವ ಒಂದು ಚಕ್ರ. ಆ ಚಕ್ರದ ಹಿಡಿಕೆಯನ್ನು ಯಾರಾದರೂ ತಿರುಗಿಸಿದರೆ ಗ್ಯಾಸು ಹುಟ್ಟಿ ಬಸ್ಸು ಹೊರಡಬೇಕು.

ಬೆಳಿಗ್ಗೆ ನೋಡಿದರೆ ಬಸ್ಸು ಆಗಲೇ ತುಂಬಿತ್ತು. ಹೆಂಡತಿ, ಮಗಳು, ಸಾಕ್ಷಿಗೆ ಬೇಕಾದ ಚನ್ನಯ್ಯನವರು, ಸರಿ. ಎದುರು ಮನೆಯ ಅಕ್ಕನಾಗಮ್ಮ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದಳು. ಅವಳ ಹಿಂದೆ ಓಣಿಯ ಅರ್ಧ ಮಂದಿ.

"ಯಕ್ಕಾ, ನೀ ಯಾಕ?" ಎಂದ ಗಾದಿಲಿಂಗಪ್ಪ.

"ಯಾಕಂದ್ರ? ನಾಲ್ಕು ಮಂದಿ ಬೇಕಲ್ಲೋ ತಮ್ಮಾ! ಹಂಗ ದಾರ್ಯಾಗ ಹಂಪಿ ವಿರೂಪಾಕ್ಷಗ ಒಂದು ಕಾಯಿ ಒಡಿಸಿದ್ರಾತು."

"ಹಂಪಿ ಎಲ್ಲಿ ಐತಿ, ದಂಡು ಎಲ್ಲಿ ಐತಿ! ಹೊತ್ತು ಮೀರತೈತಿ."

"ದೇವರಿಗೂ ಹೊತ್ತು ಇಲ್ಲಂತೀಯೇನು?" ಎಂದಳು ಅಕ್ಕನಾಗಮ್ಮ. ಬಸ್ಸಿನವರೆಲ್ಲ ಅವಳ ಕಡೆಗೇ ಆದರು.

"ಕ್ಲೀನರ್‌ಗೆ ಜ್ವರ ಬಂದೈತ್ರಿ" ಎಂದು ಪಾಲಪ್ಪ ತಲೆ ಕೆರೆದುಕೊಂಡ. "ಚಕ್ರ ಯಾರಾದ್ರೂ ತಿರುವಬೇಕು."

ಯಾರು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಎಲ್ಲರೂ ಒಟ್ಟಿಗೆ ಗಾದಿಲಿಂಗಪ್ಪನನ್ನು ನೋಡಿದರು. ಮಗಳ ಲಗ್ನ ಅವನದಲ್ಲವೇ! ಹೊಸ ಧೋತರ ಉಟ್ಟು, ಜರಿ ರುಮಾಲು ಸುತ್ತಿಕೊಂಡು ಬೀಗರ ಠೀವಿಯಲ್ಲಿ ಬಂದಿದ್ದ ಮನುಷ್ಯ ಬಸ್ಸಿನ ಹಿಂದೆ ನಿಂತು ಚಕ್ರ ತಿರುವಿದ. ಬಸ್ಸು ಕೆಮ್ಮಿತು, ಮುಖಕ್ಕೆ ಮಸಿ ಉಗುಳಿತು, ಹೊರಟಿತು. ದಿಣ್ಣೆ ಬಂದಲ್ಲೆಲ್ಲ ನಿಂತಿತು. ನಿಂತಲ್ಲೆಲ್ಲ "ಗಾದಿಲಿಂಗಪ್ಪಾ, ಚಕ್ರ!" ಎಂದು ಒಳಗಿನಿಂದ ಕೂಗು. ಕಮಲಾಪುರ ಬರುವಷ್ಟರಲ್ಲಿ ಅವನ ಧೋತರ ಯಾವ ಬಣ್ಣದ್ದೆಂದು ಅವನ ಹೆಂಡತಿಗೂ ಗುರುತು ಸಿಗುವಂತಿರಲಿಲ್ಲ.

ಹಂಪಿಯಲ್ಲಿ ಕಾಯಿ ಒಡೆಸಿದ್ದಾಯಿತು. ಬಾಳೆಹಣ್ಣು ಕೊಂಡದ್ದಾಯಿತು. ಹೊಳೆಯಲ್ಲಿ ಕಾಲು ತೊಳೆದದ್ದಾಯಿತು. ಬಿಸಿಲು ನೆತ್ತಿಗೆ ಬಂದಾಗ ಗಾದಿಲಿಂಗಪ್ಪ ವೀಳ್ಯದ ಎಲೆಗೆ ನೀರು ಚಿಮುಕಿಸೋಣವೆಂದು ಚೀಲಕ್ಕೆ ಕೈ ಹಾಕಿದ. ಒದ್ದೆ ಬಟ್ಟೆ ಮಾತ್ರ ಕೈಗೆ ಬಂತು.

"ಎಲಿ! ಎಲಿ ಎಲ್ಲಿ?"

ಅಕ್ಕನಾಗಮ್ಮ ಕೆಂಪಾದ ತುಟಿ ಒರೆಸಿಕೊಂಡಳು. "ನನ್ನ ಎಲಿ ತೀರಿದ್ವು ತಮ್ಮಾ. ನಿನ್ನ ಚೀಲದಾಗ ಎಳೇವು ಇದ್ವು, ಭಾಳ ರುಚಿ ಇದ್ವು ನೋಡು."

"ಅಡಿಕಿ?"

"ಎಲಿ ಜೋಡಿ ಅಡಿಕಿ ಬ್ಯಾಡೇನು?"

ಗಾದಿಲಿಂಗಪ್ಪ ಕೂಗಾಡಿದ ಕೂಗಿಗೆ ಗುಡಿಯ ಮಂಗಗಳೆಲ್ಲ ಗೋಪುರ ಏರಿದವು. "ಲಗ್ನದ ವೀಳ್ಯ ತಿಂದು ಕುಂತಾಳಲ್ರೀ ಈ ಪುಣ್ಯಾತಗಿತ್ತಿ! ಹೊಸಪ್ಯಾಟ್ಯಾಗ ಬ್ಯಾರೆ ಕೊಂಡ್ಕೊಂಡ್ರಾತು ಬಿಡ್ರಿ ಅಯ್ಯನೋರ."

ಚನ್ನಯ್ಯನವರು ತಲೆ ಆಡಿಸಿದರು. "ಹಂಗ ನಡಿಯಂಗಿಲ್ಲಪ್ಪ. ಗಂಡಿನ ಕಡೆ ಎಲಿನ ಬೇಕು."

"ಎಲಿಗೇನು ಬಾಯಿ ಐತೇನ್ರಿ, ನಾ ಇಂಥವರ ಮನೀದು ಅಂತ ಹೇಳಾಕ?"

"ಎಲಿಗೆ ಇಲ್ಲ, ಓಣಿ ಮಂದಿಗೆ ಐತಿ" ಎಂದರು ಚನ್ನಯ್ಯನವರು. "ಸುಮ್ನ ನಡಿ. ಏನಾರ ದಾರಿ ಸಿಗತದ."

ದಾರಿಯುದ್ದಕ್ಕೂ ಗಾದಿಲಿಂಗಪ್ಪ ದಂಡಿಗೂ ದಂಡಿನವರಿಗೂ ಶಾಪ ಹಾಕುತ್ತಲೇ ಚಕ್ರ ತಿರುವಿದ. ಬಸ್ಸು ನಿಂತಾಗೊಮ್ಮೆ ಚನ್ನಯ್ಯನವರು ಕಿಟಕಿಯಿಂದ ತಲೆ ಹಾಕಿ, "ದಂಡಿನವರೂ ಮನಷ್ಯಾರ ಅಲ್ಲೇನಪ್ಪ?" ಎನ್ನುತ್ತಿದ್ದರು. "ಅಲ್ರಿ!" ಎನ್ನುತ್ತಿದ್ದ ಗಾದಿಲಿಂಗಪ್ಪ.

ಬಿಸಿಲು ಇಳಿಯುವ ಹೊತ್ತಿಗೆ ದಂಡು ಬಂತು. ತಂತಿ ಬೇಲಿ, ದಾರಿಗೆ ಅಡ್ಡ ಒಂದು ಬೊಂಬು, ಬೊಂಬಿನ ಪಕ್ಕ ಬಂದೂಕು ಹಿಡಿದ ಒಬ್ಬ ಕಾವಲಿನ ಸಿಪಾಯಿ. ಎಳೆಯ ಮೀಸೆ, ಕಡ್ಡಿಯಂತೆ ನೆಟ್ಟಗೆ ನಿಂತಿದ್ದ. ಜಡೆಪ್ಪನ ಮಂದಿ ಎಂದು ಕೇಳುತ್ತಲೇ ಬೊಂಬು ಎತ್ತಿದ. ಹೆಂಗಸರು, ಅಯ್ಯನವರು, ಓಣಿಯವರು ಎಲ್ಲರೂ ಒಳಗೆ ಹೋಗಿ ಬೇವಿನ ಮರದ ನೆರಳಿಗೆ ಕೂತರು. ಕೊನೆಗೆ ಗಾದಿಲಿಂಗಪ್ಪ ಬಂದ. ಬೊಂಬು ಕೆಳಗಿಳಿಯಿತು.

"ಇದ್ದಲಿ ಆಳು ಹೊರಗ ಬಸ್ಸಿನತ್ರ ಇರಬೇಕು."

"ಯಾರಲೇ ಇದ್ದಲಿ ಆಳು?"

"ಮಾರಿ ನೋಡ್ಕೊ ಹೋಗು, ಕನ್ನಡ್ಯಾಗ."

ಬೆಳಗಿನಿಂದ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದೆಲ್ಲ ಒಮ್ಮೆಲೇ ಉಕ್ಕಿತು. "ಲೇ! ಬಸ್ಸು ನಂದು, ಮಗಳು ನಂದು, ಖರ್ಚು ನಂದು, ಊರ ಮಂದಿ ಎಲ್ಲಾ ಒಳಗ, ನಾ ಒಬ್ಬಾವ ಹೊರಗ! ಒಂದು ಟೊಪ್ಪಿಗಿ, ಒಂದು ಬಂದೂಕು ಕೊಟ್ಟ ಕೂಡ್ಲೆ ದೊಡ್ಡವರು ಸಣ್ಣವರು ಗೊತ್ತಾಗಂಗಿಲ್ಲೇನಲೇ? ನಿನ್ನ ಹಡದವರು ಇದನ್ನ ಕಲಿಸ್ಯಾರೇನು? ಬರದಿಟ್ಕೊ, ನಿನಗ ಹೆಣ್ಣು ಕೊಡೋ ಮುಠ್ಠಾಳ ಈ ಸೀಮ್ಯಾಗ ಇನ್ನಾ ಹುಟ್ಟಿಲ್ಲ!"

ಬೇವಿನ ಕೆಳಗೆ ಚನ್ನಯ್ಯನವರಿಗೆ ಜೋರು ಕೆಮ್ಮು ಹತ್ತಿತು.

"ಹಂಗೇನು?" ಎಂದ ಸಿಪಾಯಿ. "ನೀ ಯಾರು ಅದನ್ನ ಹೇಳಾಕ?"

"ನಾನು? ಕಂಪ್ಲಿ ಗಾದಿಲಿಂಗಪ್ಪ! ಎರಡು ಗಾಣದ ಗಾದಿಲಿಂಗಪ್ಪ!"

ಸಿಪಾಯಿಯ ಮೀಸೆ ಒಮ್ಮೆ ಅದುರಿತು. ಬಂದೂಕು ಕೈಯಲ್ಲಿ ಜಾರಿ ಮತ್ತೆ ನೆಟ್ಟಗಾಯಿತು. "ಹವಾಲ್ದಾರ್ರು ನೋಡ್ತಾರ್ರಿ, ಸ್ವಲ್ಪ ಮೆತ್ತಗ ಮಾತಾಡ್ರಿ" ಎಂದ. "ಬಿಡೋರ್ನ ಒಳಗ ಬಿಟ್ಟು ಆತು, ಬೊಂಬು ಮತ್ತ ಎತ್ತಂಗಿಲ್ರಿ. ಜಡೆಪ್ಪನ್ನ ಇಲ್ಲಿಗೇ ಕರಸ್ತೀನಿ, ಸಿಟ್ಟು ಮಾಡ್ಕೊಬ್ಯಾಡ್ರಿ." ಒಳಗೆ ಹೋಗುತ್ತಿದ್ದ ಇನ್ನೊಬ್ಬನನ್ನು ಕೂಗಿ ಕಳಿಸಿದ.

ಹೆದರಿದ ಮಗ, ಎಂದುಕೊಂಡ ಗಾದಿಲಿಂಗಪ್ಪ. ಒಂದು ಗಳಿಗೆ ಎದೆ ತಣ್ಣಗಾಯಿತು. ಆದರೆ ವೀಳ್ಯ? ಚನ್ನಯ್ಯನವರು ಬೊಂಬಿನ ಒಳಮಗ್ಗುಲಿಗೆ ಬಂದು ನಿಂತರು.

"ಈ ಹುಡುಗನ ಕಿಸೆದಾಗ ಎಲಿ ಇರಬೇಕು, ಕೇಳು."

"ಶಾಸ್ತ್ರ? ಗಂಡಿನ ಕಡೆ ಎಲಿ ಅಂದ್ರಲ್ಲ?"

"ನಡೀತದ ಅಂತ ನಾ ಹೇಳ್ತೀನಲ್ಲ. ಇಸ್ಕೊ."

ಇಷ್ಟು ಹೊತ್ತು ಬೈದವನ ಮುಂದೆ ಕೈ ಚಾಚುವುದೆಂದರೆ! ಆದರೆ ಮಗಳ ಬಾಳು. ಗಾದಿಲಿಂಗಪ್ಪ ಬೇರೆ ಕಡೆ ಮುಖ ಮಾಡಿ ಕೈ ಚಾಚಿದ. ಸಿಪಾಯಿ ಅತ್ತ ಇತ್ತ ನೋಡಿ, ಅಂಗಿಯ ಕಿಸೆಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಆ ಮಸಿಯ ಅಂಗೈಯಲ್ಲಿ ಭಕ್ತಿಯಿಂದ ಇಟ್ಟ.

ಜಡೆಪ್ಪ ಓಡುತ್ತ ಬಂದ. ಮೈಮೇಲೆ ಖಾಕಿ ಇರಲಿಲ್ಲ. ಧೋತರ ಉಟ್ಟು ಬಗಲಲ್ಲಿ ತಗಡಿನ ಪೆಟ್ಟಿಗೆ ಹಿಡಿದಿದ್ದ. "ಅಯ್ಯೋ ಭಾವಾ, ಇದೇನು ಅವತಾರ! ನಾನ ಊರಿಗೆ..."

"ಮಾತು ಆಮ್ಯಾಲೆ! ಮೊದ್ಲು ವೀಳ್ಯ ಹಿಡಿ. ನನ್ನ ಮಗಳ್ನ ಬಿಟ್ಟುಕೊಡ್ತೀಯೋ ಇಲ್ಲೋ?"

"ನಾ ಎತ್ತಿ ಆಡಿಸಿದ ಕೂಸು ಭಾವಾ, ನನಗ ಯಾವ ಆಸಿ? ಆದ್ರ ಒಂದು ಕೇಳ್ತೀನಿ. ಬಂಡ್ರಿ ಮರಿಸ್ವಾಮಿಗೇ ಕೊಡ್ತೀಯಲ್ಲ? ಆಮ್ಯಾಲೆ ಮಾತು ಬದಲಿಸಂಗಿಲ್ಲ."

"ಅವನಿಗೇ! ಧಾರಿ ಎರದು ಕೊಡ್ತೀನಿ! ಬದಲಿಸಿದ್ರ ಗಾದಿಲಿಂಗಪ್ಪ ಅಂತ ಕರೀಬ್ಯಾಡ!"

ಜಡೆಪ್ಪ ವೀಳ್ಯ ಇಸಿದುಕೊಂಡ. ಓಣಿಯ ಮಂದಿ ಎದ್ದು ನಿಂತರು. ಅವನು ಬೊಂಬಿನ ಮೇಲಿಂದ ಕೈ ಚಾಚಿ ವೀಳ್ಯವನ್ನು ಭಾವನ ಅಂಗೈಗೆ ಮರಳಿ ಇಟ್ಟ.

"ಬಿಟ್ಟುಕೊಟ್ಟೆ."

ಗಾದಿಲಿಂಗಪ್ಪನ ಕಣ್ಣಿನಿಂದ ಇಳಿದ ನೀರು ಮಸಿಯ ಕೆನ್ನೆಯ ಮೇಲೆ ಎರಡು ಬಿಳಿ ಗೆರೆ ಎಳೆಯಿತು. "ಇನ್ನ ನೀ ಬರ್ಮಾಕ್ಕ ಸುಖವಾಗಿ ಹೋಗಪ್ಪ" ಎಂದ ಧಾರಾಳವಾಗಿ.

"ನಾ ಎಲ್ಲಿಗೆ ಹೋಗ್ಲಿ? ನನ್ನ ಪಾದ ಸಪಾಟು ಅದಾವಂತ, ನಡಿಯಾಕ ಆಗಂಗಿಲ್ಲಂತ ಹೇಳಿ ದಂಡಿಂದ ತಗದು ಮನೀಗೆ ಕಳಿಸ್ಯಾರ. ನಿಮ್ಮ ಬಸ್ಸಿನಾಗ ಬರ್ತೀನಿ. ನಿನ್ನ ಮನ್ಯಾಗ ಇದ್ದು ಗಾಣ ನೋಡ್ಕೊತೀನಿ."

"ಅಂದ್ರ... ನೀನು ದಂಡಿನಾವ ಅಲ್ಲ?"

"ಇವತ್ತಿಂದ ಅಲ್ಲ."

ಹಾಗಾದರೆ ಮಗಳನ್ನು ಇವನಿಗೇ ಕೊಡಬಹುದಿತ್ತಲ್ಲ ಎನಿಸಿತು ಗಾದಿಲಿಂಗಪ್ಪನಿಗೆ. ಇರಲಿ, ಬಂಡ್ರಿಯ ಹುಡುಗ ಹೊಲ ಬಿಟ್ಟು ಕದಲದವನು, ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಾಗಲೇ ಚನ್ನಯ್ಯನವರ ದನಿ ಕೇಳಿತು.

"ಮರಿಸ್ವಾಮಿ, ಇನ್ನ ಮಾವಗ ನಮಸ್ಕಾರ ಮಾಡಪ್ಪ."

"ಕಾವಲಿಗೆ ನಿಂತಾಗ ಬಗ್ಗಂಗಿಲ್ರಿ ಅಯ್ಯನೋರ" ಎಂದ ಕಾವಲಿನ ಸಿಪಾಯಿ. ಎಂದವನೇ ಬೂಟು ಕುಟ್ಟಿ ಗಾದಿಲಿಂಗಪ್ಪನಿಗೆ ಒಂದು ಸಲಾಮು ಹೊಡೆದ.

ಗಾದಿಲಿಂಗಪ್ಪ ಸಿಪಾಯಿಯ ಮುಖವನ್ನು ಹತ್ತಿರದಿಂದ ನೋಡಿದ. "ಹೊಲಕ್ಕ ಹೋಗ್ಯಾನ ಅಂದಿದ್ರು!"

"ಹೋಗಿದ್ದೆ ಮಾವಾ. ಹೊಲದ ದಾರ್ಯಾಗ ದಂಡಿಗೆ ಭರ್ತಿ ಮಾಡ್ಕೊಳ್ಳೋ ಲಾರಿ ನಿಂತಿತ್ತು, ಹತ್ತಿಬಿಟ್ಟೆ. ಅಪ್ಪಗ ಇನ್ನಾ ಹೊಲಕ್ಕ ಹೋಗ್ಯಾನ ಅನ್ನಾಕ ರೂಢಿ. ಸಂಬಂಧದ ಸುದ್ದಿ ಜಡೆಪ್ಪಗ ನಾನ ಹೇಳಿದ್ದೆ. ನನ್ನ ಎಲ್ಲೂ ಕಳಸಂಗಿಲ್ರಿ, ಯುದ್ಧ ಮುಗಿಯೋ ತನಕ ಇದ ಬೊಂಬು."

"ಅಯ್ಯನೋರ! ನಿಮಗ ಗೊತ್ತಿತ್ತೇನ್ರಿ?"

"ಬಂದ ಕೂಡ್ಲೆ ಗುರ್ತು ಸಿಕ್ತು. ಅದಕ್ಕ ಎಲಿ ಅವನ ಹತ್ರನ ಇಸ್ಕೊ ಅಂದೆ. ಗಂಡಿನ ಕಡೆ ಎಲಿ ಗಂಡಿನ ಕೈಲೇ ಬಂತು. ಇಂಥ ಶಾಸ್ತ್ರ ಯಾರಿಗೆ ಸಿಗತದ?"

"ಮೋಸ! ನಾ ಒಪ್ಪಂಗಿಲ್ಲ! ನಾ ಹೇಳಿಲ್ಲೇನು, ದಂಡಿನವನಿಗೆ..."

"ಕೂಗಬ್ಯಾಡ್ರಿ" ಎಂದಳು ಕೊಟ್ರಮ್ಮ. "ನಾಲ್ಕು ಮಂದಿ ಮುಂದ ಮಾತಾಗೇತಿ. ಅಲ್ಲಿ ನೋಡ್ರಿ ನಿಮ್ಮ ಮಗಳ್ನ." ತಾಯಕ್ಕ ಬೇವಿನ ಮರೆಯಲ್ಲಿ ನಿಂತು ಸೆರಗು ಕಚ್ಚಿಕೊಂಡು ನಗುತ್ತಿದ್ದಳು. ಅಪ್ಪನನ್ನೇ ಹೊರಗೆ ನಿಲ್ಲಿಸಿದ ಹುಡುಗ ಅವಳಿಗೆ ಭಾಳ ಹಿಡಿಸಿದ್ದ.

ಮಂದಿಯೆಲ್ಲ ಹೊರಬಂದು ಬಸ್ಸು ಹತ್ತಿದರು. ಪಾದ ಸಪಾಟಾಗಿದ್ದ ಜಡೆಪ್ಪನನ್ನು ಎಲ್ಲರೂ ಸೇರಿ ಮುಂದಿನ ಸೀಟಿಗೆ ಕೂಡಿಸಿದರು. ಪಾಲಪ್ಪ ಹಾರ್ನ್ ಒತ್ತಿದ. ಬಸ್ಸು ಅಲುಗಲಿಲ್ಲ.

"ಗಾದಿಲಿಂಗಪ್ಪಾ, ಚಕ್ರ!"

ಗಾದಿಲಿಂಗಪ್ಪ ಹಿಂದೆ ಹೋಗಿ ಹಿಡಿಕೆ ಹಿಡಿದ. ಬೊಂಬಿನ ಹತ್ತಿರ ಅಳಿಯ ಇನ್ನೂ ಸಲಾಮಿನ ಕೈ ಇಳಿಸಿರಲಿಲ್ಲ. ಅಕ್ಕನಾಗಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಲ್ಲಿದ್ದ ಎಲೆಯನ್ನು ದವಡೆಗೆ ಸರಿಸಿ, ಇಡೀ ದಂಡಿಗೆ ಕೇಳುವಂತೆ ಕೇಳಿದಳು:

"ತಮ್ಮಾ, ಇವನಿಗೆ ಹೆಣ್ಣು ಕೊಡೋ ಮುಠ್ಠಾಳ ಇನ್ನಾ ಹುಟ್ಟಿಲ್ಲ ಅಂದಿದ್ಯಲ್ಲ, ನೀ ಹುಟ್ಟಿ ಈಗ ಎಷ್ಟು ವರ್ಷ ಆತು?"

ಗಾದಿಲಿಂಗಪ್ಪ ಚಕ್ರ ತಿರುವಿದ.